ಕಾಂತಣ್ಣ–ಚಂದ್ರಪ್ಪ ತಂಡದ ಕೊನೆಯ ಕುಸ್ತಿ

ಪೀತಮ್‌ಪುರ, ದೆಹಲಿ
14 ನವೆಂಬರ್ 2006

ಕುಂದಾಪುರದ ಸೊಸೆಯೂ ನನ್ನ ಏಕೈಕ ಅಕ್ಕನೂ ಆದ ನಿರೀಕ್ಷಾದೇವಿಯವರ ಸನ್ನಿಧಾನಕ್ಕೆ,

ತಮ್ಮ ನಿತೇಶನ ಸಾಷ್ಟಾಂಗ ಪ್ರಣಾಮಗಳು. ದೀಪಾವಳಿಗೆ ಬರೆಯಬೇಕಿದ್ದ ಕಾಗದವನ್ನು ಈಗ ಬರೆಯುತ್ತಿದ್ದೇನೆ. ತಡವಾದುದಕ್ಕೆ ಘನವಾದ ಕಾರಣವೊಂದನ್ನು ಹುಡುಕಿದೆ, ಸಿಗಲಿಲ್ಲ, ಕ್ಷಮಿಸತಕ್ಕದ್ದು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿರುವುದು ಅಪ್ಪನ ಗಲ್ಲಾದ ಪಕ್ಕ, ವಿಷಯವೂ ಅಪ್ಪನದೇ.

ಚಂದ್ರಪ್ಪ ಮಾಮ ನಮ್ಮ ಹೋಟೆಲು ಬಿಟ್ಟು ಹೋದರು.

ಅವರಿಬ್ಬರ ಜಗಳ ನಿನಗೆ ಗೊತ್ತೇ ಇದೆ. ಗಿರಾಕಿ ದೋಸೆ ಸೀದಿದೆ ಎಂದರೆ ಸಾಕು, ಅಪ್ಪ ಗಲ್ಲಾದಿಂದ ಕೂಗುವುದು, ಮಾಮ ಸೌಟು ಹಿಡಿದು ಅಡುಗೆಮನೆಯಿಂದ ಬಂದು ಮರುಕೂಗುವುದು. ಎಲ್ಲ ಹಿಂದಿಯಲ್ಲೇ, ಗಿರಾಕಿಗೆ ತಿಳಿಯಬೇಕಲ್ಲ. ಆತ ಗಾಬರಿಯಾಗಿ, “ಅರೇ ಭಯ್ಯಾ, ರೆಹನೇ ದೋ, ದೋಸಾ ಅಚ್ಛಾ ಹೈ” ಎಂದು ಸೀದದ್ದನ್ನೇ ತಿಂದು, ಇಬ್ಬರನ್ನೂ ಸಮಾಧಾನ ಮಾಡಿ ಹೋಗುವುದು. ನಾವು ಹುಟ್ಟುವ ಮೊದಲಿನಿಂದ ನಡೆದುಬಂದ ನಾಟಕ.

ಕಳೆದ ವಾರ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಷಟರ್ ಅರ್ಧ ಎಳೆದ ಮೇಲೆ, ಪಾಲಿಕಾ ಬಜಾರಿನಿಂದ ತಂದ ಡಿವಿಡಿ ಹಾಕಿದೆ. ಗ್ರಾನೈಟ್ ಬ್ರದರ್ಸ್ ಕುಸ್ತಿ ತಂಡದ ಸಾಕ್ಷ್ಯಚಿತ್ರ. ಟೀವಿಯಲ್ಲಿ ಅವರ ಕುಸ್ತಿ ಬಂದರೆ ಈ ಹಿರಿಯರಿಬ್ಬರೂ ಇಡ್ಲಿ ಹಿಟ್ಟನ್ನು ಮರೆಯುತ್ತಿದ್ದರಲ್ಲ, ಅದೇ ತಂಡ. ಮಾತೆಲ್ಲ ಇಂಗ್ಲಿಷಿನಲ್ಲಿ, ಆದ್ದರಿಂದ ನಾನೇ ಆಸ್ಥಾನ ದುಭಾಷಿ. ಹೊಡೆತವೆಲ್ಲ ಮೊದಲೇ ಮಾತಾಡಿಕೊಂಡದ್ದು ಎಂದು ನಾನು ಹೇಳಿದಾಗ ಅಪ್ಪ ಮಾಮನ ತೊಡೆ ತಟ್ಟಿ, “ಇವರೂ ನಮ್ಮ ಹಾಗೇ ಮಾರಾಯ” ಎಂದು ನಕ್ಕರು.

ಆಮೇಲೆ ತಂಡದ ಹಿರಿಯ ಪೈಲ್ವಾನ, ಕುತ್ತಿಗೆಗೆ ಪಟ್ಟಿ ಹಾಕಿಕೊಂಡವನು, ತನ್ನ ಜೊತೆಗಾರನ ಬಗ್ಗೆ ಮಾತಾಡಿದ. ನೋವಾಗದಂತೆ ಹೊಡೆಯುವುದೇ ಅವರ ಕಸುಬಂತೆ. ಕೊನೆಕೊನೆಗೆ ಜೊತೆಗಾರ ಆ ಎಚ್ಚರ ಬಿಟ್ಟನಂತೆ. ಜನ ಎಂದಿನಂತೆ ಚಪ್ಪಾಳೆ ತಟ್ಟಿದರು. ವ್ಯತ್ಯಾಸ ತಿಳಿದದ್ದು ಪೆಟ್ಟು ತಿಂದವನಿಗೆ ಮಾತ್ರ.

“ಅದನ್ನು ಇನ್ನೊಮ್ಮೆ ಹಾಕು ಮಗಾ” ಎಂದರು ಮಾಮ.

“ಎಂತ ಇನ್ನೊಮ್ಮೆ? ಸಾಂಬಾರಿಗೆ ಬೇಳೆ ಇಡುವ ಹೊತ್ತಾಯ್ತು” ಎಂದು ಅಪ್ಪ ಎದ್ದುಬಿಟ್ಟರು.

ಆ ಸಂಜೆ ಒಬ್ಬ ಗಿರಾಕಿ ವಡೆ ತಣ್ಣಗಿದೆ ಎಂದ. ಅಪ್ಪ ಶುರುಮಾಡಿದರು. ಉಡುಪಿಯಲ್ಲಿ ಎಂಜಲು ತಟ್ಟೆ ಎತ್ತುತ್ತಿದ್ದವನನ್ನು ತಂದು ಮನುಷ್ಯನನ್ನಾಗಿ ಮಾಡಿದೆ, ನಾನಿಲ್ಲದಿದ್ದರೆ ಇವತ್ತೂ ಅದನ್ನೇ ಎತ್ತುತ್ತಿದ್ದ, ಎಂದು. ಈ ಮಾತು ಹಳೆಯ ನಾಟಕದಲ್ಲಿ ಇರಲಿಲ್ಲ ಅಕ್ಕ, ನೀನು ಮದುವೆಯಾಗಿ ಹೋದ ಮೇಲೆ ಸೇರಿಕೊಂಡದ್ದು. ಮಾಮ ಸೌಟು ಎತ್ತಲಿಲ್ಲ. ಕನ್ನಡದಲ್ಲಿ, ಮೆಲ್ಲಗೆ ಕೇಳಿದರು: “ಕಾಂತಣ್ಣ, ಇದು ಗಿರಾಕಿಗೆ ಹೇಳಿದ್ದಾ, ನನಗಾ?”

ಅಪ್ಪ ಇನ್ನೂ ಜೋರಾಗಿ, ಹಿಂದಿಯಲ್ಲೇ, “ತುಝೇ ಹೀ ಬೋಲ್ ರಹಾ ಹೂಂ” ಎಂದರು, ನಿನಗೇ ಹೇಳುತ್ತಿರುವುದು ಎಂದು.

ಮಾಮ ಏಪ್ರನ್ ಬಿಚ್ಚಿ ಮೊಳೆಗೆ ತೂಗುಹಾಕಿ, ಚಪ್ಪಲಿ ಮೆಟ್ಟಿ ಹೊರಟರು. ಮೂಲೆ ಟೇಬಲಿನ ಸಂಸಾರ ಇದು ಎಂದಿನದೇ ಎಂದುಕೊಂಡು ನಗುತ್ತಿತ್ತು. ನಾನೂ ನಗುತ್ತಿದ್ದೆ.

ಈಗ ಓಖ್ಲಾದ ಒಂದು ಗಾರ್ಮೆಂಟ್ ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದಾರೆ. ರಾಯಭಾರಿಯಾಗಿ ನಾನೇ ಬಿಜಯಂಗೈದೆ. ಚಹಾ ಕೊಟ್ಟರು, ನಿನ್ನನ್ನು ವಿಚಾರಿಸಿದರು. “ಅಪ್ಪ ನಾಟಕಕ್ಕೆ ಹೇಳಿದ್ದು ಮಾಮ” ಎಂದೆ.

“ಹಾಗಂತ ಕಾಂತಣ್ಣನೇ ಬಂದು ಹೇಳಲಿ. ನಾಳೆಯೇ ಬರ್ತೇನೆ.”

ಅಪ್ಪನಿಗೆ ಅದನ್ನು ಮುಟ್ಟಿಸಿದೆ. “ನಾನು ಹೋಗುವುದಾ? ಎಂತಕ್ಕೆ? ನಾಟಕ ಅಂತ ಅವನಿಗೆ ಗೊತ್ತಿಲ್ವಾ?” ಎಂದು, ಒರೆಸಿದ್ದ ಟೇಬಲನ್ನೇ ಮತ್ತೆ ಒರೆಸತೊಡಗಿದರು. ಅಮ್ಮ ಹೇಳಿ ಸೋತಿದ್ದಾರೆ. ಸಾಂಬಾರು ಯಾರದೋ ಮನೆಯದರ ಹಾಗಿದೆ. ನೀನೊಮ್ಮೆ ಅಪ್ಪನನ್ನು ಓಖ್ಲಾಕ್ಕೆ ಹೊರಡಿಸು, ನಿನ್ನ ಮಾತಾದರೆ ಕೇಳಿಯಾರು.

ಭಾವನಿಗೆ ನಮಸ್ಕಾರ. ನಿನ್ನ ಮಗಳಿಗೆ ದೀರ್ಘಾಯುಷ್ಯವೂ, ನಿನ್ನನ್ನು ಗೋಳುಹೊಯ್ದುಕೊಳ್ಳುವಷ್ಟು ಕೀಟಲೆ ಬುದ್ಧಿಯೂ ಲಭಿಸಲೆಂದು ಹರಸುವ

ನಿನ್ನ ತಮ್ಮ
ನಿತೇಶ

ಮರೆತ ಮಾತು: ಮಾಮನ ಜಾಗಕ್ಕೆ ಈಗ ನನ್ನ ನೇಮಕವಾಗಿದೆ. ನಿನ್ನೆ ಒಬ್ಬರು ಚಟ್ನಿ ಹುಳಿಯಾಗಿದೆ ಎಂದರು. ಅಪ್ಪ ಎಲ್ಲರೆದುರು, “ಇವನೊಬ್ಬ ಹುಟ್ಟದೇ ಇದ್ದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ” ಎಂದರು. ನಾನು ಸೌಟು ಎತ್ತಿ ಚೆನ್ನಾಗಿಯೇ ಕೂಗಿದೆ. ಆ ಗಿರಾಕಿ ಚಟ್ನಿ ತಿಂದು, ನನ್ನ ಬೆನ್ನು ತಟ್ಟಿ ಹೋದರು. ಅಕ್ಕ, ಗಿರಾಕಿಗಳು ಯಾರೂ ಇಲ್ಲದಾಗ, ಬರೀ ನಿನ್ನ ಹತ್ತಿರ, ಅಪ್ಪ ಆ ಮಾತು ಯಾವತ್ತಾದರೂ ಹೇಳಿದ್ದುಂಟಾ?