ಗ್ಯಾರೇಜಿನಲ್ಲಿ ತುಕ್ಕು ಹಿಡಿದ ಉಕ್ಕು

ಮಾರ್ಚ್ ೧೧, ಮಂಗಳವಾರ

ಮಾವನ ಸೈಕಲ್ಲಿನ ಸೀಟಿನಿಂದ ಹ್ಯಾಂಡಲಿನವರೆಗಿನ ಮೇಲ್ಕೊಳವೆ ಇಂದು ನಾನು ಹೆಬ್ಬೆರಳಲ್ಲಿ ಒತ್ತಿದ್ದಕ್ಕೇ ಕುಸಿಯಿತು. ಒಳಗೆಲ್ಲ ತುಕ್ಕು. ಆಸಿಯಾಗೊ ಬೆಟ್ಟದ ಮಳೆಗೆ, ಹಿಮಕ್ಕೆ ನಲವತ್ತು ವರ್ಷ ಜಗ್ಗದ ಉಕ್ಕು ಅದು. ಮಾವ ಒಮ್ಮೆ ಬಿದ್ದರೆಂದು ನಾವೇ ರಸ್ತೆ ಬಿಡಿಸಿ, ಗ್ಯಾರೇಜಿನಲ್ಲಿ ನಿಂತಲ್ಲೇ ತುಳಿಯುವ ರೋಲರ್ ಮೇಲೆ ಹತ್ತಿಸಿದ್ದೆವು. ಬೆವರು ಆರಿಸಲು ಅಲ್ಲಿ ಗಾಳಿಯಿಲ್ಲ. ಮೂರು ಚಳಿಗಾಲ ಉಪ್ಪುಬೆವರು ಅದೇ ಕೊಳವೆಯ ಮೇಲೆ ತೊಟ್ಟಿಕ್ಕಿ, ಬ್ರೇಕಿನ ಕೇಬಲ್ ಹಾಯುವ ತೂತಿನಿಂದ ಒಳಗಿಳಿದಿದೆ. ಸೈಕಲ್ ಫ್ರೇಮು ಕಟ್ಟುವುದೇ ನನ್ನ ಕಸುಬು, ನನಗೂ ಹೊಳೆಯಲಿಲ್ಲ.

"ಅಲ್ಯೂಮಿನಿಯಂದು ಕೊಡ್ಸೋಣ, ತುಕ್ಕಿನ ಕಾಟ ಇರಲ್ಲ," ಎಂದ ನನ್ನ ಗಂಡ ದಾರಿಯೊ.

"ತುಕ್ಕು ಹಿಡಿಯಲ್ಲ, ಆದ್ರೆ ವರ್ಷಗಟ್ಟಲೆ ಅದುರಿ ಲೋಹವೇ ದಣಿದು ಬಿರುಕು ಬಿಡತ್ತೆ," ಎಂದೆ. " ಕಾರ್ಬನ್ನಿಗೆ ಬೆವರು ಲೆಕ್ಕಕ್ಕಿಲ್ಲ, ಆದ್ರೆ ಒಂದ್ಸಲ ಬಿದ್ರೆ ಒಳಗೇನು ಮುರಿದಿದೆಯೋ ಕಾಣಲ್ಲ. ಉಕ್ಕಿಗಾದ್ರೆ ಕೊಳವೆ ಬದಲಾಯಿಸ್ಬೋದು."

ಮಾವ ಸೆವೆರೀನೊ ಮೂಲೆಯ ಕುರ್ಚಿಯಿಂದ ಮುಂದೆ ಬಾಗಿದರು. "ಹೊಸ ಕೊಳವೆ ಎಷ್ಟು ದಿನ ಬರತ್ತಮ್ಮ?"

"ರಸ್ತೆ ಮೇಲಾದ್ರೆ ಇನ್ನೂ ನಲವತ್ತು ವರ್ಷ. ಗ್ಯಾರೇಜಲ್ಲಾದ್ರೆ ಮತ್ತೆ ಮೂರೇ ಚಳಿಗಾಲ."

"ಕೇಳಿಸ್ಕೊಂಡ್ಯೇನೋ ದಾರಿಯೊ?" ಎನ್ನುತ್ತಾ ಎದ್ದು ಹೆಲ್ಮೆಟ್ಟಿನ ಧೂಳು ಒರೆಸತೊಡಗಿದರು.

ದಾರಿಯೊ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಗ್ಯಾರೇಜಿನಲ್ಲೂ ಬಾಳುತ್ತದೆಂದು ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ನಾಳೆ ಕೊಳವೆ ಬೆಸೆಯಬೇಕು. ಬ್ರೇಕಿನ ರಬ್ಬರೂ ಹೊಸದು ಹಾಕಬೇಕು. ಇಳಿಜಾರಿನಲ್ಲಿ ಮಾವ ಕೊನೇ ಗಳಿಗೆಯವರೆಗೂ ಬ್ರೇಕ್ ಹಿಡಿಯುವವರೇ ಅಲ್ಲ.