ಅರವತ್ಮೂರು ಮತ ಪಡೆದ ಫಕೀರವ್ವನವರಿಗೆ

ಹೊಸ ಎಣಿಕೆಯ ತೊಂಬತ್ತಾರನೇ ವರ್ಷ,
ಎರಡನೇ ಬೇಸಿಗೆಯ ನಲವತ್ತೊಂದನೇ ದಿನ,
ಬಿಸಿಲ ಹೊಲ, ಹದಿನೇಳನೇ ಸಾಲು.

ಫಕೀರವ್ವ ಹೂಗಾರ ಅವರಿಗೆ ದೇವ್ಲಿ ಲಮಾಣಿಯ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ತಲೆಬುಡ ತಿಳಿಯದಂತೆ ಕಂಡರೆ ಕ್ಷಮಿಸಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ; ತಿಂಗಳುಗಳ ಹೆಸರು ಬಿಟ್ಟು ಬಹಳ ಕಾಲವಾಯಿತು. ನಿಮ್ಮ ಲೆಕ್ಕದಲ್ಲಿ ಇದು 2191. ನನ್ನ ಮಾತುಗಳಲ್ಲೂ ಕೆಲವು ನಿಮಗೆ ಹೊಸವು, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಹಿಂದಿನ ಕಾಲಕ್ಕೆ ಪತ್ರ ಮುಟ್ಟಿಸುವ ಉಪಾಯ ನಮ್ಮವರಿಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಾಳೆ ನಮ್ಮ ಸೀಮೆ ಸಭೆಗೆ ಮತದಾನ, ನಾನೊಬ್ಬ ಅಭ್ಯರ್ಥಿ, ಮತ್ತು ನನ್ನ ಇಕ್ಕಟ್ಟನ್ನು ಹೇಳಿಕೊಳ್ಳಲು ನಿಮಗಿಂತ ತಕ್ಕವರು ನನಗೆ ಕಾಣಲಿಲ್ಲ. ಸಿಗುವುದಾದರೆ ಇದು ನಿಮಗೆ ಎಣಿಕೆಯ ದಿನ ಸಂಜೆ ಸಿಗಲಿ. ಹದಿನಾಲ್ಕು ಜನರಲ್ಲಿ ಹದಿನಾಲ್ಕನೆಯವರಾಗಿ, ಅರವತ್ಮೂರು ಮತ ಪಡೆದು, ಠೇವಣಿ ಕಳೆದುಕೊಂಡು ನೀವು ಮನೆ ಕಡೆ ನಡೆಯುತ್ತಿರುವಾಗ.

ನಾನು ಶಾಲೆಗೆ ಹೋದದ್ದು ನಾಲ್ಕು ವರ್ಷ. ಉಳಿದದ್ದನ್ನೆಲ್ಲ ಕರಪತ್ರಗಳಿಂದ ಕಲಿತೆ. ನಮ್ಮ ತಂಪುಮನೆಯಲ್ಲಿ, ಅಂದರೆ ಹಗಲು ಹನ್ನೊಂದಕ್ಕೆ ಸೈರನ್ ಕೂಗಿದ ಮೇಲೆ ಊರವರೆಲ್ಲ ಹೋಗಿ ನಾಲ್ಕರವರೆಗೆ ಕೂರುವ ನೆಲಮಾಳಿಗೆಯಲ್ಲಿ, ಹಳೆಯ ಕರಪತ್ರಗಳ ಒಂದು ತಗಡಿನ ಪೆಟ್ಟಿಗೆ ಇದೆ. ಗೆದ್ದ ಪಕ್ಷಗಳ ಹಾಳೆಗಳನ್ನು ಯಾರೂ ಕೂಡಿಡಲಿಲ್ಲ. ಸೋತವರದ್ದನ್ನು ಅವರ ಮನೆಯವರು ಮಡಿಸಿಟ್ಟುಕೊಂಡಿದ್ದರಂತೆ. ಹನ್ನೆರಡನೇ ವಯಸ್ಸಿನಲ್ಲಿ ನಿಮ್ಮ ಪಾಳಿ ಪಕ್ಷದ ಹಾಳೆ ನನ್ನ ಕೈಗೆ ಸಿಕ್ಕಿತು. ಅದರ ಪ್ರಣಾಳಿಕೆ ಒಂದೇ ಸಾಲು: ಯಾರೂ ಪಾಳಿ ಮುರಿಯಬಾರದು. ಆಸ್ಪತ್ರೆಯ ಚೀಟಿಯ ಪಾಳಿಯಾಗಲಿ, ರೇಷನ್ ಅಂಗಡಿಯದ್ದಾಗಲಿ, ಮಂತ್ರಿಯ ಭಾವಮೈದುನ ಬಂದರೂ ಹಿಂದೆ ನಿಲ್ಲಬೇಕು. ಇಷ್ಟೇ. ಇಡೀ ದೇಶಕ್ಕೆ ಇಷ್ಟು ಸಾಕಲ್ಲ ಎಂದು ನನಗೆ ಅನ್ನಿಸಿತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ಆ ಹಾಳೆಯ ಹಿಂಬದಿಯಲ್ಲಿ ನಿಮ್ಮ ಮನೆಯವರು ಆಮೇಲೆ ಕೈಯಲ್ಲಿ ಬರೆದಿಟ್ಟದ್ದನ್ನು, ನೀವು ಪ್ರಚಾರ ಮಾಡಿದ ರೀತಿಯನ್ನು ಓದಿ ನಾವು ಎಷ್ಟು ಸಲ ನಕ್ಕಿದ್ದೇವೋ! ಸರಕಾರಿ ಆಸ್ಪತ್ರೆಯ ಗೇಟಿನಲ್ಲಿ ಹನ್ನೊಂದು ವರ್ಷ ಕಾವಲಿದ್ದವರು ನೀವು, ಅದೇ ಆಸ್ಪತ್ರೆಯ ಪಾಳಿಯಲ್ಲಿ ನಿಂತು ಮತ ಕೇಳಿದಿರಿ. ಅದೂ ನಿಮ್ಮ ಮುಂದಿನವರನ್ನು ಮತ್ತು ಹಿಂದಿನವರನ್ನು ಮಾತ್ರ. ಉಳಿದವರ ಬಳಿ ಹೋಗಬೇಕೆಂದರೆ ಪಾಳಿ ಬಿಡಬೇಕು, ಪಕ್ಷದ ನಿಯಮ ಅದಕ್ಕೆ ಒಪ್ಪುವುದಿಲ್ಲ. ಒಂದು ಪಾಳಿಗೆ ಇಬ್ಬರೇ ಮತದಾರರು! ಒಬ್ಬ ಮುದುಕ ನಿಮಗೆ ಹೇಳಿದ್ದು ಹಾಳೆಯಲ್ಲಿದೆ: “ಯಕ್ಕಾ, ಹಿಂಗ ಪ್ರಚಾರ ಮಾಡಿದ್ರ ಈ ಚುನಾವಣಿ ಮುಗದು ಮುಂದಿಂದೂ ಬರತೈತಿ.” ಅದಕ್ಕೆ ನೀವು, “ಬರ್ಲಿ ಬಿಡೋ ಕಾಕಾ, ಅವಾಗೂ ಇಲ್ಲೇ ನಿಂತಿರ್ತೀವಲ್ಲ ನಾವು” ಎಂದಿರಿ.

ಆಮೇಲೆ ಎಣಿಕೆಯ ಕೋಣೆ. ಗೆದ್ದವರಿಗೆ ಹಾರ ಹಾಕಿ, ಎರಡನೆಯವರು ಪತ್ರಿಕೆಯವರೊಡನೆ ಮಾತಾಡಿ, ಮೂರನೆಯವರು ಸಿಟ್ಟಿನಿಂದ ಹೊರಟುಹೋದ ಮೇಲೆ ನೀವು ಚುನಾವಣಾಧಿಕಾರಿಯ ಮೇಜಿನ ಮುಂದೆ ಹೋಗಿ, “ಸಾಹೇಬ್ರ, ಎಲ್ಲಾರ್ದೂ ಆತು. ಪಾಳಿ ಪ್ರಕಾರ ಈಗ ನಂದ್ರೀ” ಎಂದಿರಿ. ದಣಿದಿದ್ದ ಆ ಮನುಷ್ಯ ವಾದ ಮಾಡಲಾರದೆ ಮೈಕು ನಿಮ್ಮ ಕಡೆ ತಿರುಗಿಸಿದರು. ನೀವು ಹೇಳಿದ್ದು ನನಗೆ ಬಾಯಿಪಾಠ ಬರುತ್ತದೆ. “ಅರವತ್ಮೂರು ಮಂದಿ ನನಗ ಓಟ್ ಹಾಕೀರಿ. ನಿಮ್ಮ ಮಾರಿ ನನಗ ಗೊತ್ತಿಲ್ಲ. ನನ್ನ ಮುಂದ ನಿಂತೋರು ಇರಬೇಕು, ಹಿಂದ ನಿಂತೋರು ಇರಬೇಕು. ನಿಮ್ಮ ಉಪಕಾರ ಮರಿಯಂಗಿಲ್ಲ. ಗೆದ್ದೋರಿಗೆ ಒಂದ ಮಾತು ಹೇಳ್ತೀನಿ. ನಾಳೆ ಆಸ್ಪತ್ರಿಗೆ ಬಂದ್ರ ನಮ್ಮ ಹಿಂದ ನಿಲ್ರೀ.” ಎಲ್ಲರೂ ನಕ್ಕರು. ಗೆದ್ದವರೂ ನಕ್ಕು, “ಆತ್ ಬಿಡಬೇ, ನಿಲ್ತೀನಿ” ಎಂದರು.

ಈ ಸಂಜೆ ಆ ನಗು ಇನ್ನೂ ನಿಮ್ಮ ಕಿವಿಯಲ್ಲಿರಬೇಕು. ಆದ್ದರಿಂದ ಮುಂದಿನದನ್ನು ಹೇಳಿಬಿಡುತ್ತೇನೆ. ಇನ್ನು ಮೂರು ವಾರಕ್ಕೆ ಆ ಗೆದ್ದವರೇ ಹೊಟ್ಟೆನೋವೆಂದು ಅದೇ ಆಸ್ಪತ್ರೆಗೆ ಬರುತ್ತಾರೆ. ನೀವು ಪಾಳಿಯಲ್ಲಿರುತ್ತೀರಿ. ಆತ ನಿಮ್ಮನ್ನು ನೋಡಿ, ಹಿಂಬಾಲಕರನ್ನು ತಡೆದು, ಬಂದು ಹಿಂದೆ ನಿಲ್ಲುತ್ತಾರೆ. ಏಳು ನಿಮಿಷ. ಅಷ್ಟರಲ್ಲಿ ಡಾಕ್ಟರೇ ಓಡಿಬಂದು ಕರೆದುಕೊಂಡು ಹೋಗುತ್ತಾರೆ, ನಿಜ. ಆದರೆ ಆ ಏಳು ನಿಮಿಷವನ್ನು ಊರು ಮರೆಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಕಡೆಯ ಸ್ಥಾನಕ್ಕೆ ಬಂದವನೊಬ್ಬ ಮೈಕು ಕೇಳಿದ. ಅದರ ಮುಂದಿನದರಲ್ಲಿ ಕೇಳುವ ಮೊದಲೇ ಕೊಟ್ಟರು. ಹೀಗೆ ರೂಢಿಯಾದದ್ದು ನಮ್ಮ ಅಜ್ಜಿಯರ ಕಾಲಕ್ಕೆ ಕಾಯಿದೆಯೇ ಆಯಿತು. ಅದನ್ನು ಕಡೆಯವರ ಗಳಿಗೆ ಎನ್ನುತ್ತೇವೆ. ಎಲ್ಲರಿಗಿಂತ ಕಡಿಮೆ ಮತ ಪಡೆದವರು ಸೀಮೆ ಸಭೆಯಲ್ಲಿ, ಗೆದ್ದವರು ಪ್ರಮಾಣ ಮಾಡುವ ಮೊದಲು, ಇಪ್ಪತ್ತನಾಲ್ಕು ನಿಮಿಷ ಮಾತಾಡಬಹುದು. ಯಾರೂ ಎದ್ದು ಹೋಗುವಂತಿಲ್ಲ. ಕೇಳಿದ ಒಂದು ಬೇಡಿಕೆಗೆ ಸಭೆ ಅಂದೇ ಕೈ ಎತ್ತಿ ಹೌದು ಇಲ್ಲ ಹೇಳಬೇಕು. ಮಾತು ಶುರುವಾಗುವುದು ಇಂದಿಗೂ ನಿಮ್ಮಂತೆಯೇ: ನನಗೆ ಇಷ್ಟು ಮಂದಿ ಮತ ಕೊಟ್ಟಿದ್ದೀರಿ, ನಿಮ್ಮ ಉಪಕಾರ ಮರೆಯುವುದಿಲ್ಲ.

ಸೈರನ್ ಜೊತೆಗೆ ಬೀದಿಬೀದಿಯಲ್ಲಿ ಕೆಂಪು ದೀಪವೂ ಹೊತ್ತುವುದು ಮೂವತ್ತೊಂದು ಮತ ಪಡೆದ ಒಬ್ಬ ಕಿವುಡ ನೇಕಾರನಿಂದ. ತಂಪುಮನೆಯಲ್ಲಿ ಬಾಣಂತಿಯರಿಗೆ ಗೋಡೆ ಪಕ್ಕದ ಜಾಗ ಮೀಸಲಾದದ್ದು ಹದಿನೆಂಟು ಮತ ಪಡೆದ ಒಬ್ಬ ಸೂಲಗಿತ್ತಿಯಿಂದ. ಗೆದ್ದವರು ಇಂಥದ್ದನ್ನು ಕೊಟ್ಟದ್ದು ನನಗೆ ಗೊತ್ತಿಲ್ಲ. ನಾನು ಹುಟ್ಟಿದ್ದು ಆ ಗೋಡೆ ಪಕ್ಕದಲ್ಲಿ. ಅದಕ್ಕೂ ನಿಮಗೆ ಕೃತಜ್ಞಳು.

ಈಗ ನನ್ನ ವಿಷಯ. ನೆರಳು ಸರಿಯಿತು, ನಾನೂ ಸರಿದು ಕೂತು ಬರೆಯುತ್ತಿದ್ದೇನೆ. ಬಿಸಿಲ ಹೊಲವೆಂದರೆ ಕಣ್ಣು ಹಾಯುವವರೆಗೂ ವಿದ್ಯುತ್ ಕೊಡುವ ಗಾಜಿನ ಫಲಕಗಳು. ಅವುಗಳ ಮೇಲೆ ದೂಳು ಕೂರದಂತೆ ಒರೆಸುವವರು ನಾವು, ಮುನ್ನೂರ ಹನ್ನೆರಡು ಮಂದಿ. ಊರು ಇಲ್ಲಿಂದ ಎರಡು ಗಂಟೆಯ ದಾರಿ, ಸೈರನ್ ಆದ ಮೇಲೆ ತಂಪುಮನೆ ಮುಟ್ಟಲು ನಮ್ಮಿಂದಾಗದು. ಫಲಕಗಳ ಕೆಳಗೆ ಒದ್ದೆ ಗೋಣಿಚೀಲ ಹೊದ್ದು ಮಲಗುತ್ತೇವೆ. ಹೊಲದ ನಡುವೆ ಬ್ಯಾಟರಿಮನೆ ಇದೆ. ದೊಡ್ಡ ಬ್ಯಾಟರಿಗಳು ಕಾಯಬಾರದೆಂದು ಒಳಗೆ ಹಗಲೂ ರಾತ್ರಿ ತಣ್ಣಗಿರುತ್ತದೆ. ಅವುಗಳ ಸುತ್ತ ಐನೂರು ಜನ ಕೂರುವಷ್ಟು ಖಾಲಿ ನೆಲ. ಬಾಗಿಲು ಮುಚ್ಚಿರುತ್ತದೆ. ಕಳೆದ ಬೇಸಿಗೆ ನಮ್ಮ ಇಮಾಂಬಿ ಅಕ್ಕ ಬಿಸಿಲಿಗೆ ಎರಡು ಸಲ ಬಿದ್ದಳು. ಎರಡನೇ ಸಲ ಅವಳ ನಾಲಿಗೆ ಅರ್ಧ ದಿನ ತಿರುಗಲಿಲ್ಲ. ಬ್ಯಾಟರಿಗಿರುವ ನೆರಳು ಮನುಷ್ಯರಿಗೂ ಇರಲಿ, ಇದು ನಮ್ಮ ಫಲಕ ಒರೆಸುವವರ ಪಕ್ಷದ ಒಂದೇ ಬೇಡಿಕೆ. ಮೂವತ್ತು ಸಾವಿರ ಮತದಾರರ ಸೀಮೆಯಲ್ಲಿ ನಾವು ಗೆಲ್ಲುವುದಿಲ್ಲ. ನಮಗೆ ಬೇಕಾದದ್ದು ಆ ಗಳಿಗೆ.

ಗಳಿಗೆಯನ್ನು ಕೆಡಿಸುವ ದಾರಿಯನ್ನು ದೊಡ್ಡವರು ಕಂಡುಕೊಂಡಿದ್ದಾರೆ. ಆಳುವ ಒಕ್ಕೂಟ ಮೂರು ಚುನಾವಣೆಗಳಿಂದ ಗೂಳಪ್ಪ ಎಂಬ ಶರಬತ್ತಿನ ಅಂಗಡಿಯವನನ್ನು ನಿಲ್ಲಿಸುತ್ತಿದೆ. ಅವನಿಗೆ ಬೀಳುವುದು ಪ್ರತಿಸಲ ಸೊನ್ನೆ. ಅವನ ಮತವೂ ಒಕ್ಕೂಟಕ್ಕೇ. ಕಡೆಯವನಾಗಿ ಎದ್ದು ನಿಂತು ಇಪ್ಪತ್ತನಾಲ್ಕು ನಿಮಿಷ ಒಕ್ಕೂಟವನ್ನು ಹೊಗಳುತ್ತಾನೆ. ಮೊನ್ನೆ ನನ್ನನ್ನು ಕರೆದು ಶರಬತ್ತು ಕೊಟ್ಟು, “ತಂಗೀ, ಸೊನ್ನಿ ಗಳಸೂದು ಸುಮ್ನ ಅಲ್ಲ. ಹೇಣ್ತಿ ಕಾಲ್ ಬೀಳಬೇಕು, ಅತ್ತಿ ಕಾಲ್ ಬೀಳಬೇಕು. ಒಬ್ರರ ಪ್ರೀತಿಲೆ ಹಾಕಿಬಿಟ್ರ ಮುಗೀತು ಕತಿ” ಎಂದ. ಕೆಟ್ಟ ಮನುಷ್ಯನಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ನಮ್ಮವರು ಇದಕ್ಕೊಂದು ಉಪಾಯ ಹೇಳಿದರು. ನಮ್ಮಲ್ಲೂ ಯಾರೂ ನನಗೆ ಮತ ಹಾಕದಿದ್ದರೆ ಸೊನ್ನೆಗೆ ಸೊನ್ನೆ ಸಮ. ಆಗ ಚೀಟಿ ಎತ್ತುತ್ತಾರೆ. ಅರ್ಧ ಅವಕಾಶವಾದರೂ ನಮ್ಮದು. ನಾನು ಆಗುವುದಿಲ್ಲ ಎಂದೆ. ಇಮಾಂಬಿ ಅಕ್ಕನೇ ಗೋಣಿಚೀಲ ಸರಿಸಿ ಎದ್ದು ಕೂತಳು. “ನೀ ಹಾಳಿ ಓದಿ ಓದಿ ಕೆಟ್ಟೀ ನೋಡು. ನಮಗ ಬೇಕಾಗಿದ್ದು ನೆರಳಬೇ, ನಿನ್ನ ನ್ಯಾಯ ಅಲ್ಲ. ಮುಂದಿನ ಬ್ಯಾಸಿಗ್ಯಾಗ ನಾ ಬಿದ್ರ ನಿನ್ನ ಹಾಳಿಲೆ ಗಾಳಿ ಹಾಕ್ತೀಯೇನು?” ಎಂದಳು. ಇವತ್ತು ಬೆಳಗಿನಿಂದ ಅವಳು ನನ್ನೊಡನೆ ಮಾತಾಡಿಲ್ಲ.

ಈ ಪತ್ರ ಬರೆಯಲು ಕೂತದ್ದು ಅದಕ್ಕೇ. ಬರೆಯುತ್ತ ಬರೆಯುತ್ತ ನನಗೆ ಒಂದು ಮಾತು ಸ್ಪಷ್ಟವಾಯಿತು. ಚೀಟಿ ನನ್ನ ಹೆಸರಿಗೇ ಬಂತು ಎನ್ನೋಣ. ಸಭೆಯಲ್ಲಿ ಎದ್ದು ನಿಲ್ಲುತ್ತೇನೆ. ನನಗೆ ಎಷ್ಟು ಮಂದಿ ಮತ ಕೊಟ್ಟಿದ್ದೀರಿ ಎಂದು ಶುರುಮಾಡಲಿ? ನೀವು ಅರವತ್ಮೂರು ಮಂದಿಯ ಉಪಕಾರ ನೆನೆದಿರಿ. ಅದು ಮೈಕಿನ ಬಲವಲ್ಲ, ಆ ಅರವತ್ಮೂರು ಮಂದಿಯದ್ದು. ನನಗೆ ಮತ ಹಾಕಬೇಡಿ ಎಂದು ನಮ್ಮವರಿಗೆ ಹೇಳಿ ಸಭೆಯ ಒಳಗೆ ಹೋದರೆ, ಮುನ್ನೂರ ಹನ್ನೆರಡು ಜನರನ್ನು ನಾನೇ ಅಳಿಸಿ ಒಳಗೆ ಹೋದಂತೆ. ಸಭೆಯವರು ಇಲ್ಲ ಎಂದು ಕೈ ಎತ್ತಿದರೆ ಹೊರಗೆ ಯಾರಿದ್ದಾರೆಂದು ತೋರಿಸಲಿ? ನಾಲ್ಕಕ್ಕೆ ಮತ್ತೆ ಸೈರನ್ ಆದ ಕೂಡಲೇ ಸಾಲು ಸಾಲಾಗಿ ಹೋಗಿ ಮತ ಕೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ.

ನಲವತ್ತೆರಡನೇ ದಿನ.

ನಿನ್ನೆ ಅಷ್ಟಕ್ಕೆ ನಿಲ್ಲಿಸಿದ್ದೆ. ಮತದಾನ ಮುಗಿದಿದೆ. ನಿನ್ನೆ ಸಂಜೆ ನಲವತ್ತು ಸಾಲು ಸುತ್ತಿದೆ. ಕೆಲವರು ಆಗಲಿ ಎಂದರು, ಕೆಲವರು ಮುಖ ತಿರುಗಿಸಿದರು. ಇವತ್ತು ಬೆಳಗ್ಗೆ ಹೊಲದ ಗೇಟಿನಲ್ಲೇ ಮತಗಟ್ಟೆ. ಯಂತ್ರಗಳು ನಮ್ಮ ಬಿಸಿಲಿಗೆ ತಾಳುವುದಿಲ್ಲವಾದ್ದರಿಂದ ಅಭ್ಯರ್ಥಿಯ ಗುರುತಿರುವ ಹಂಚಿನ ಬಿಲ್ಲೆಯನ್ನು ಪರದೆಯ ಹಿಂದೆ ಗಡಿಗೆಗೆ ಹಾಕುತ್ತೇವೆ. ನಾನು ನನ್ನ ಬಿಲ್ಲೆ ಹಾಕಿ ಹೊರಗೆ ಬಂದು ನಿಂತೆ. ಇಮಾಂಬಿ ಅಕ್ಕ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದವಳು ನೇರ ನನ್ನ ಮುಂದೆ ನಿಂತಳು.

“ಹಾಕಿ ಬಂದೆ. ನಿನಗ” ಎಂದಳು. “ಸೊನ್ನಿ ಹೋತು. ಗೂಳ್ಯಾ ಗೆದ್ದ. ಈಗೇನ್ ಮಾಡ್ತೀ ಹೇಳು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ, “ಸುಮ್ನಿರು, ನಿನ್ನ ಭಾಷಣ ಬ್ಯಾಡ. ಬಾಗಲಾ ಅಂತೂ ಎಲ್ಲಿಗೂ ಹೋಗಿಲ್ಲ. ಪಾಳಿ ಹಚ್ಚೂಣು ನಡಿ” ಎಂದಳು.

ಹನ್ನೊಂದಕ್ಕೆ ಸೈರನ್ ಆದಾಗ ಬ್ಯಾಟರಿಮನೆಯ ಬಾಗಿಲ ಮುಂದೆ ಪಾಳಿ ಹಚ್ಚಿದೆವು. ಗೋಡೆಯ ನೆರಳು ಒಂದು ಗೇಣು ಅಗಲ, ಅದಕ್ಕೆ ಬೆನ್ನು ತಾಗಿಸಿ, ಗೋಣಿಚೀಲ ತಲೆಗೆ ಹಾಕಿಕೊಂಡು ಹದಿನಾಲ್ಕು ಮಂದಿ ನಿಂತೆವು. ಯಾರೂ ಬಾಗಿಲು ಬಡಿಯಲಿಲ್ಲ. ಗಾಜಿನ ಹಿಂದೆ ಕಾವಲುಗಾರ ಬಂದು ನಮ್ಮನ್ನು ನೋಡಿ ಹೋದ, ಮತ್ತೆ ಬಂದ. ಮೂರನೇ ಸಲ ಬಂದಾಗ ಬಾಗಿಲ ಕಿಂಡಿಯಲ್ಲಿ ಕೇಳಿದ: “ಎಷ್ಟ್ ಮಂದಿ ಅದೀರಿ ನೀವು? ಮ್ಯಾಲಿನವರಿಗೆ ಹೇಳಬೇಕು.”

ಇಮಾಂಬಿ ಅಕ್ಕ ಹೇಳಿದಳು: “ಇವತ್ತ ಹದಿನಾಲ್ಕು. ಉಳಿದವ್ರು ಎಷ್ಟ್ ಅಂತ ನಾಳಿಗೆ ಎಣಿಸಿ ನೀವ ಹೇಳ್ರಿ ನಮಗ.”

ಅವನು ಕಿಂಡಿ ಮುಚ್ಚಲಿಲ್ಲ. ತೆರೆದೇ ಬಿಟ್ಟು ಒಳಗೆ ಹೋದ. ಬೆರಳು ತೂರುವಷ್ಟೇ ಅಗಲದ ಆ ಕಿಂಡಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಒಬ್ಬೊಬ್ಬರೇ ಮುಂದೆ ಹೋಗಿ ಅದಕ್ಕೆ ಮುಖ ಒಡ್ಡಿ, ಹಿಂದಿನವರಿಗೆ ಬಿಟ್ಟುಕೊಟ್ಟು ಪಾಳಿಯ ಕೊನೆಗೆ ಹೋಗಿ ನಿಂತೆವು. ನಾಲ್ಕರವರೆಗೆ ಯಾರೂ ಪಾಳಿ ಮುರಿಯಲಿಲ್ಲ. ಯಾರೂ ಬೀಳಲಿಲ್ಲ.

ಫಕೀರವ್ವನವರೇ, ನೀವು ಇನ್ನೊಂದು ಸಲ ಚುನಾವಣೆಗೆ ನಿಂತಿರೋ ಇಲ್ಲವೋ ನಮ್ಮ ಹಾಳೆಗಳಲ್ಲಿ ಇಲ್ಲ. ನಿಲ್ಲಿ ಎಂದು ಹೇಳಲು ನಾನು ಯಾರು? ನೀವು ಮಾಡಬೇಕಾದದ್ದನ್ನು ಮಾಡಿದ್ದೀರಿ, ನಮಗೆ ಅದು ತಲುಪಿದೆ. ಈ ಸಂಜೆ ಬೀದಿಯಲ್ಲಿ ಯಾರಾದರೂ ಅರವತ್ಮೂರು ಎಂದು ಕೂಗಿ ಹಂಗಿಸಿದರೆ ಮಾತ್ರ ತಲೆ ತಗ್ಗಿಸಬೇಡಿ, ಇಷ್ಟೇ ನನ್ನ ಕೋರಿಕೆ. ನಾಳೆ ನನ್ನ ಸಂಖ್ಯೆಯನ್ನೂ ಓದುತ್ತಾರೆ. ಅದು ಎಷ್ಟೇ ಇರಲಿ, ಅಷ್ಟು ಜನರ ಉಪಕಾರವನ್ನು ಬಾಗಿಲ ಮುಂದೆಯೇ ನೆನೆಯುತ್ತೇನೆ. ಕೇಳಲು ಸಭೆ ಇರುವುದಿಲ್ಲ, ಅವರೇ ಇರುತ್ತಾರೆ.

ನಿಮ್ಮ ಋಣದಲ್ಲಿರುವ,
ದೇವ್ಲಿ ಲಮಾಣಿ
ಫಲಕ ಒರೆಸುವವರ ಪಕ್ಷ