ಪುಸ್ತಕದಲ್ಲಿ ಬೇರೆ ಎಣ್ಣೆ ಬರೆದಿತ್ತು

ಮಾವನವರಿಗೆ,

ಇಷ್ಟು ವರ್ಷ ಬಾಗಿಲ ಮರೆಯಲ್ಲಿ ನಿಂತು ನಿಮ್ಮ ಮಾತಿಗೆ "ಹೂಂ ರೀ" ಅಂದವಳು ಇವತ್ತು ನಿಮ್ಮ ಫೋಟೊದ ಎದುರಿಗೇ ಕೂತು ಬರೆಯುತ್ತಿದ್ದೇನೆ. ನಾನು ನಿಮಗೊಂದು ಸುಳ್ಳು ಹೇಳಿದ್ದೆ. ಡ್ರೈವರ್ ಬಸ್ತ್ಯಾಂವನ ಹೆಸರು ಕೆಟ್ಟದ್ದು ಆ ಸುಳ್ಳಿನಿಂದ. ನೀವಿದ್ದಾಗಲೇ ಹೇಳಬೇಕಿತ್ತು. ಎಷ್ಟೋ ಸಲ ಮಾತು ನಾಲಿಗೆಯ ತುದಿಗೆ ಬಂದು...

ಆ ಲಾರಿ ಮೊದಲ ಸಲ ನಮ್ಮ ಅಂಗಳದ ವರ್ಕ್‌ಶಾಪಿನ ಮುಂದೆ ನಿಂತದ್ದು ನೆನಪಿದೆಯೇ? ಸೂಪಾದಲ್ಲಿ ಅಣೆಕಟ್ಟಿನ ಕೆಲಸ ನಡೆದಿದ್ದ ಕಾಲ. ಅಲ್ಲಿ ಕಲ್ಲು ಹೊತ್ತು ಹಳತಾದ ಪರದೇಶದ ಲಾರಿಯೊಂದನ್ನು ನಮ್ಮೂರ ಗುತ್ತೇದಾರರು ಹರಾಜಿನಲ್ಲಿ ಹಿಡಿದು, ಸಾಗವಾನಿ ದಿಮ್ಮಿ ಸಾಗಿಸಲು ದಾಂಡೇಲಿಗೆ ತಂದಿದ್ದರು. ಅದಕ್ಕೆ ಕ್ಲಚ್ಚೇ ಇರಲಿಲ್ಲ, ಗೇರು ತಾನಾಗಿಯೇ ಬದಲಾಗುತ್ತಿತ್ತು. ಓಡಿಸಲು ಒಪ್ಪಿದವನು ಬಸ್ತ್ಯಾಂವ ಒಬ್ಬನೇ. ಹಳಿಯಾಳದ ಕಡೆಯ ಸಿದ್ದಿ ಜನಾಂಗದ ಹುಡುಗನನ್ನು ಸ್ಟೇರಿಂಗಿಗೆ ಕೂರಿಸಲು ಯಾರೂ ಒಪ್ಪದಿದ್ದ ದಿನಗಳಲ್ಲಿ ಅವನಿಗೆ ಲಾರಿ ಕಲಿಸಿದವರು ನೀವು. "ಏನಲೇ ಬಸ್ತ್ಯಾ, ಹೆಂಗೈತಿ ಗಾಡಿ?" ಎಂದು ಕೇಳಿದಿರಿ. ಅವನೆಂದ: "ಎಡಗಾಲಿಗೆ ಕೆಲಸನ ಇಲ್ಲ ನೋಡ್ರಿ ಮೇಸ್ತ್ರಿ. ಮದವಿ ಮನ್ಯಾಗ ಬೀಗರು ಕುಂತಂಗ ಸುಮ್ಮ ಕುಂತೈತಿ." ನೀವು ನಕ್ಕಿದ್ದು ಅಡುಗೆಮನೆಯವರೆಗೂ ಕೇಳಿಸಿತ್ತು.

ದೀಪಾವಳಿ ಕಳೆದ ವಾರ ಅದರ ಗೇರು ಜಾರತೊಡಗಿತು. ಎಂಜಿನ್ನು ಕೂಗುತ್ತಿತ್ತು, ಚಕ್ರ ತಡವರಿಸಿ ತಿರುಗುತ್ತಿತ್ತು. ಗೇರ್ ಬಾಕ್ಸಿನ ಎಣ್ಣೆ ಸೋರಿ ಕಡಿಮೆಯಾಗಿದೆ ಎಂದು ಕಂಡುಹಿಡಿದು ಸೋರಿಕೆ ನಿಲ್ಲಿಸಿದಿರಿ. ಆದರೆ ತುಂಬುವ ಎಣ್ಣೆ ಯಾವುದು? ಲಾರಿಯೊಡನೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಹೊಸ್ತಿಲ ಬಳಿ ಇಟ್ಟು, ನನ್ನ ಮುಖ ನೋಡದೆಯೇ ಅಂದಿರಿ: "ತಂಗೀ, ನೀ ಎಂ.ಎ. ಮಾಡಿದಾಕಿ. ಎಣ್ಣಿ ಬಗ್ಗೆ ಇದರಾಗ ಏನ ಬರದೈತಿ ನೋಡಿಡು. ನಾಳೆ ಮುಂಜಾನೆ ಕೇಳ್ತೇನಿ." ಮದುವೆಯಾಗಿ ಹನ್ನೆರಡು ವರ್ಷಕ್ಕೆ ನೀವು ನನ್ನನ್ನು ಕೇಳಿದ ಮೊದಲ ಮಾತು ಅದು. ನನಗೆಷ್ಟು ಹಿಗ್ಗಾಗಿತ್ತು, ನಿಮಗೆ ಗೊತ್ತಿತ್ತೇ?

ಕಾಲೇಜಿನಲ್ಲಿ ಪಾಠ ಮುಗಿಸಿ ಬಂದವಳೇ ಓದಲು ಕೂತೆ. ಕವಿತೆ ಓದುವಾಗ ನಾನು ಸಾಲುಗಳ ನಡುವೆ ಏನಿದೆ ಎಂದು ಹುಡುಕುವವಳು. ಆ ಪುಸ್ತಕದಲ್ಲಿ ಸಾಲುಗಳ ನಡುವೆ ಏನೂ ಇರಲಿಲ್ಲ, ಇದ್ದದ್ದೆಲ್ಲ ಸಾಲುಗಳಲ್ಲೇ ಇತ್ತು. ಸಾದಾ ಗೇರ್ ಬಾಕ್ಸಿನಲ್ಲಿ ಎಣ್ಣೆ ಹಲ್ಲುಗಳು ಸವೆಯದಂತೆ ಕಾಯುತ್ತದೆ, ಅಷ್ಟೇ. ಇದರಲ್ಲಿ ಎಂಜಿನ್ನಿನ ಬಲವನ್ನು ಚಕ್ರದ ಕಡೆಗೆ ದಾಟಿಸುವುದೇ ಎಣ್ಣೆ. ಸಣ್ಣ ಸಣ್ಣ ಕಿಂಡಿಗಳಲ್ಲಿ ಅದು ನೀರಿನಂತೆ ಹರಿಯಬೇಕು. ತೆಳ್ಳನೆಯದೇ ಆಗಬೇಕು, ಮಂದವಾದ ಗೇರ್ ಎಣ್ಣೆಯನ್ನು ಹಾಕಲೇಬಾರದು; ಹಾಕಿದರೆ ಒಳಗಿನ ತಟ್ಟೆಗಳು ಜಾರಿ ಸುಟ್ಟುಹೋಗುತ್ತವೆ, ಇಳಿಜಾರಿನಲ್ಲಿ ಎಂಜಿನ್ನು ಲಾರಿಯನ್ನು ತಡೆದು ಹಿಡಿಯುವುದಿಲ್ಲ. ಆ ಪುಟದಲ್ಲಿ ಬೇವಿನೆಲೆ ಇಟ್ಟು ಮುಚ್ಚಿದೆ.

ಮರುದಿನ ಮುಂಜಾನೆ ನಾನು ಬಾಯಿ ತೆರೆಯುವ ಮೊದಲೇ ಗುತ್ತೇದಾರರ ಕಾರಕೂನನ ಜೀಪು ಬಂತು. ಲಾರಿ ದಿಮ್ಮಿ ಹೇರಿಕೊಂಡೇ ನಿಂತಿದೆ, ಇವತ್ತೇ ಕಾರವಾರಕ್ಕೆ ಹೊರಡಬೇಕು ಎಂದ. ನಿಮ್ಮ ಕೈಯಲ್ಲಿ ಆಗಲೇ ತೊಂಬತ್ತು ನಂಬರಿನ ಗೇರ್ ಎಣ್ಣೆಯ ಡಬ್ಬಿ ಇತ್ತು. ಎಲ್ಲ ಲಾರಿಗಳಿಗೂ ನೀವು ಹಾಕುತ್ತಿದ್ದ, ಬೆರಳಲ್ಲಿ ತಿಕ್ಕಿ ನೋಡಿದರೆ ಜೇನಿನಂತೆ ಎಳೆ ಬಿಡುವ ಎಣ್ಣೆ. ಆದರೂ ನೀವು ಒಳಗೆ ತಿರುಗಿ ಕೇಳಿದಿರಿ: "ತಂಗೀ, ನಾ ತೊಂಬತ್ತರದ್ದು ಹಾಕಾಕತ್ತೇನಿ. ಪುಸ್ತಕದಾಗ ಏನೈತಿ?"

ಕಾರಕೂನ ಜೋರಾಗಿ ನಕ್ಕ. "ಏನ್ರಿ ಮೇಸ್ತ್ರಿ, ಎಣ್ಣಿ ಹಾಕಾಕ ಸೊಸಿ ಅಪ್ಪಣೆ ಬೇಕನ? ನಾಳಿಂದ ನಟ್ಟ ಬಿಚ್ಚೋ ಪಾನಾನೂ ಅಕಿ ಕೈಗೇ ಕೊಟ್ಟಬಿಡ್ರಿ. ನೀವು ಒಳಗ ಕುಂತ ರೊಟ್ಟಿ ಬಡೀರಿ." ಅಂಗಳದಲ್ಲಿದ್ದ ಡ್ರೈವರುಗಳೂ ನಕ್ಕರು. ನಿಮ್ಮ ಕಿವಿ ಕೆಂಪಾದದ್ದು ಬಾಗಿಲ ಸಂದಿನಿಂದ ಕಂಡಿತು. ನಾಲ್ಕು ಮಂದಿಯ ಎದುರು ಮಾವನ ಮಾತು ತಪ್ಪು ಎಂದು ಸೊಸೆ ಹೇಳುವುದು ಹೇಗೆ? ನಾನಂದೆ: "ನೀವು ಹೇಳಿದಂಗ ಐತ್ರಿ ಮಾವಾರ." ನೀವು ಕಾರಕೂನನ ಕಡೆ ನೋಡಿ ಮೀಸೆ ಸವರಿದಿರಿ. ಒಳಗೆ ಉಳಿದಿದ್ದ ಎಣ್ಣೆಯ ಮೇಲೆಯೇ ಡಬ್ಬಿಗಟ್ಟಲೆ ಸುರಿದಿರಿ. ಆ ಎಣ್ಣೆ ಇಳಿಯುತ್ತಿದ್ದಷ್ಟು ಹೊತ್ತು ನನಗೆ ಸಮಯವಿತ್ತು, ಮಾವನವರೇ. ಬೇಕಾದಷ್ಟಿತ್ತು.

ಬಸ್ತ್ಯಾಂವ ಲಾರಿ ಹೊರಡಿಸಿದ. ನೀವು ಅದೇ ಜೀಪಿನಲ್ಲಿ ಇನ್ನೊಂದು ಲಾರಿ ನೋಡಲು ಹಳಿಯಾಳಕ್ಕೆ ಹೋದಿರಿ. ನಿಮ್ಮ ಮಗ ಮಿಲ್ಲಿನ ಪಾಳಿಯಲ್ಲಿದ್ದರು. ನಾನು ರೊಟ್ಟಿಗೆ ಹಿಟ್ಟು ನಾದಲು ಕೂತೆ, ಕೈ ಓಡಲಿಲ್ಲ. ಜೋಯಿಡಾ ದಾಟಿದರೆ ಅಣಶಿ ಘಟ್ಟ. ಒಂದರ ಹಿಂದೊಂದು ತಿರುವು, ಬೆನ್ನ ಮೇಲೆ ದಿಮ್ಮಿಗಳ ಭಾರ. ಎಂಜಿನ್ನು ಹಿಡಿಯದಿದ್ದರೆ ಬ್ರೇಕು ಎಷ್ಟು ತಿರುವಿನ ತನಕ ತಡೆದೀತು? ಅತ್ತೆಯವರಿಗೆ ಕಾಲೇಜಿಗೆ ಹೋಗಿ ಬರುತ್ತೇನೆ ಎಂದು ಹೇಳಿ ಕಾರವಾರದ ಬಸ್ಸು ಹತ್ತಿದೆ. ಅವತ್ತು ಅದು ಎರಡನೆಯ ಸುಳ್ಳು.

ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು, ಪ್ರತಿ ತಿರುವಿನಲ್ಲೂ ಕಣಿವೆಯ ಕಡೆಗೇ ನೋಡುತ್ತಿದ್ದೆ. ಜೋಯಿಡಾದ ಅರಣ್ಯ ನಾಕಾದಲ್ಲಿ ದಿಮ್ಮಿಯ ಲಾರಿಗಳನ್ನು ತಡೆದು, ಗುರುತು ನೋಡಿ ಪಾಸಿಗೆ ಸಿಕ್ಕಾ ಹೊಡೆಯುತ್ತಾರಲ್ಲ, ಅದೊಂದೇ ನನ್ನ ಆಸೆ. ಸಾಲಿನಲ್ಲಿ ಮೂರನೆಯದಾಗಿ ನಮ್ಮ ಲಾರಿ ನಿಂತಿತ್ತು. ಬಸ್ಸಿನಿಂದ ಹೇಗೆ ಇಳಿದೆನೋ ತಿಳಿಯದು.

"ಬಾಯಾರ! ನೀವು ಇಲ್ಲಿ? ಮೇಸ್ತ್ರಿಗೆ ಏನಾರ ಆತೇನ್ರಿ?" ಬಸ್ತ್ಯಾಂವ ಗಾಬರಿಯಿಂದ ಕೆಳಗೆ ಹಾರಿದ.

"ಘಟ್ಟ ಇಳಿಸಬ್ಯಾಡ ಬಸ್ತ್ಯಾಂವ. ಒಳಗಿನ ಎಣ್ಣಿ ತಪ್ಪೈತಿ."

"ಮೇಸ್ತ್ರಿ ಹಾಕ್ಯಾರಲ್ರಿ."

"ಪುಸ್ತಕದಾಗ ಹಾಕಬ್ಯಾಡ ಅಂತ ಐತಿ. ನಾನ ಸುಳ್ಳ ಹೇಳೇನಿ."

ಅವನು ನನ್ನನ್ನೇ ನೋಡಿದ. ಆಮೇಲೆ ಮೆಲ್ಲಗೆ ಅಂದ: "ದಾರ್ಯಾಗ ಎರಡ ಸಲ ಜಗ್ಗಿದಂಗಾತು. ಹೊಸಾ ಎಣ್ಣಿ ಅಂದ್ರ ಹೊಸಾ ಸೊಸಿ ಇದ್ದಂಗ, ಹೊಂದಾಕ ನಾಕ ದಿನಾ ಬೇಕು ಅಂದಕೊಂಡೆ." ನಗಲು ಹೋದ, ಆಗಲಿಲ್ಲ.

ಲಾರಿಯನ್ನು ಸಾಲಿನಿಂದ ಹೊರತೆಗೆದು ತಿರುಗಿಸಲು ನೋಡಿದ. ನಾಕಾದ ಪಕ್ಕದಲ್ಲಿ ಸಣ್ಣದೊಂದು ಏರು, ನಮ್ಮ ಮನೆಯ ಮಾಳಿಗೆಯಷ್ಟೂ ಎತ್ತರವಿಲ್ಲ. ಎಂಜಿನ್ನು ಅರಚಿತು, ಚಕ್ರ ತಿರುಗಲಿಲ್ಲ. ಸುಟ್ಟ ವಾಸನೆ ಬಂತು. ಆಮೇಲೆ ಲಾರಿ ಹಿಂದಕ್ಕೆ ತೆವಳತೊಡಗಿತು. ಹಿಂದೆ ಚಹಾದಂಗಡಿಯ ಬೆಂಚಿನ ಮೇಲೆ ನಾಲ್ಕೈದು ಜನ ಕೂತಿದ್ದರು. "ಕಲ್ಲ ಕೊಡ್ರಿ ಬಾಯಾರ! ಗಾಲಿಗೆ ಕಲ್ಲ ಕೊಡ್ರಿ!" ಅವನು ಬ್ರೇಕಿನ ಮೇಲೆ ಎದ್ದು ನಿಂತೇ ಕೂಗುತ್ತಿದ್ದ. ರಸ್ತೆ ಬದಿಯ ಕಲ್ಲನ್ನು ಎರಡೂ ಕೈಯಿಂದ ಉರುಳಿಸಿ ಹಿಂದಿನ ಚಕ್ರಕ್ಕೆ ಕೊಟ್ಟೆ. ಚಕ್ರ ಕಲ್ಲನ್ನು ಒಂದು ಮೊಳ ತಳ್ಳಿಕೊಂಡು ಬಂದು ನಿಂತಿತು. ನನ್ನ ಸೀರೆಯ ಸೆರಗು ಅದರಡಿ ಸಿಕ್ಕಿತ್ತು. ಅದನ್ನು ಹರಿದು ಬಿಡಿಸಿಕೊಂಡೆ.

ಅವನು ಕೆಳಗಿಳಿದು ಬಂದು ಕಲ್ಲು ಗಟ್ಟಿಯಾಗಿ ಕೂತಿದೆಯೇ ಎಂದು ಒದ್ದು ನೋಡಿದ. ಆಮೇಲೆ ಅಂದ: "ನೀವು ಮುಂದಿನ ಬಸ್ಸಿಗೆ ಮನಿಗೆ ಹೋಗ್ರಿ. ಇಲ್ಲಿ ಬಂದದ್ದು ಯಾರಿಗೂ ಹೇಳಬ್ಯಾಡ್ರಿ. ಮನಿ ಸೊಸಿ ಡ್ರೈವರನ ಹಿಂದ ಬಂದ್ಲು ಅಂತ ಊರ ಮಾತಾಡತೈತಿ. ಮೇಸ್ತ್ರಿ ಹೆಸರೂ ಹೋಗತೈತಿ. ನಾ ತಪ್ಪ ಓಡಿಸಿ ಗೇರ್ ಬಾಕ್ಸ ಸುಟ್ಟೆ ಅಂತೇನಿ." ಅದಕ್ಕೆ ನಾನು ಏನು ಹೇಳಿದೆ ಗೊತ್ತೇ? ಏನೂ ಹೇಳಲಿಲ್ಲ. ಬಸ್ಸು ಬಂತು, ಹತ್ತಿದೆ.

ಮುಂದಿನದು ನಿಮಗೆ ಗೊತ್ತು. ತಪ್ಪು ತನ್ನದೇ ಎಂದು ಅವನು ಹೇಳಿದ. ಕುಡಿದು ಓಡಿಸಿದ್ದಾನೆ ಎಂದು ಕಾರಕೂನ ಸೇರಿಸಿದ. ಅಂಗಳದಲ್ಲಿ ನಿಲ್ಲಿಸಿ ನೀವಂದಿರಿ: "ನಾ ಕಲಿಸಿದ ಕೈ ಇದು ಅನ್ನಾಕ ನಾಚಿಕಿ ಬರತೈತಿ. ಇನ್ನ ಈ ಅಂಗಳ ತುಳೀಬ್ಯಾಡ." ಅವನು ತಲೆ ತಗ್ಗಿಸಿ ಹೋದ. ಬಾಗಿಲ ಹಿಂದೆ ನಾನಿದ್ದೇನೆಂದು ಅವನಿಗೆ ಗೊತ್ತಿತ್ತು. ಒಮ್ಮೆಯೂ ಈ ಕಡೆ ನೋಡಲಿಲ್ಲ.

ಕೊನೆಯ ತಿಂಗಳು ನೀವು ಹಾಸಿಗೆ ಹಿಡಿದಾಗ, ನಾನು ಗಂಜಿ ಕುಡಿಸುತ್ತಿದ್ದ ಒಂದು ಮಧ್ಯಾಹ್ನ ಕಣ್ಣು ಮುಚ್ಚಿಕೊಂಡೇ ಕೇಳಿದಿರಿ: "ತಂಗೀ, ಅವತ್ತ ಪುಸ್ತಕದಾಗ ಖರೇನ ಏನಿತ್ತು?" ಇನ್ನೊಂದು ಚಮಚ ಗಂಜಿ ತುಂಬಿಕೊಂಡೆ. "ನೀವು ಹೇಳಿದಂಗ ಇತ್ರಿ," ಅಂದೆ. ನೀವು ಇನ್ನೊಂದು ಗುಟುಕು ಕುಡಿಯಲಿಲ್ಲ. ನಿಮಗೆ ತಿಳಿದಿತ್ತೇ? ನಾನೇ ಹೇಳಲಿ ಎಂದು ಕಾದಿದ್ದಿರೇ, ಅಥವಾ...

ಹೋದ ಭಾನುವಾರ ಬಸ್ತ್ಯಾಂವನ ಊರಿಗೆ ಹೋಗಿದ್ದೆ. ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದಾನೆ. ಒಂಬತ್ತು ವರ್ಷದಿಂದ ಯಾರೂ ಅವನ ಕೈಗೆ ಸ್ಟೇರಿಂಗ್ ಕೊಟ್ಟಿಲ್ಲ. ನಿಮ್ಮ ವರ್ಷದ ತಿಥಿಯ ಊಟಕ್ಕೆ ಬರಬೇಕು ಎಂದೆ. "ಕುಡಕ ಬಂದಾ ಅಂತಾರ ಬಾಯಾರ," ಅಂದ. ಗುತ್ತೇದಾರರು, ಕಾರಕೂನ, ಡ್ರೈವರುಗಳು ಎಲ್ಲ ಬರುತ್ತಾರೆ, ಅವರೆಲ್ಲರ ಮುಂದೆ ನಡೆದದ್ದನ್ನು ನಾನೇ ಹೇಳುತ್ತೇನೆ ಎಂದೆ. ಅವನು ಬಹಳ ಹೊತ್ತು ಕುಡುಗೋಲಿನ ಮಣ್ಣು ಒರೆಸುತ್ತ ಕೂತ. "ಹಂಗಾರ ಊಟಕ್ಕಿಂತ ಮೊದಲ ಹೇಳ್ರಿ," ಎಂದ. "ಹೇಳಿದ ಮ್ಯಾಲೆ ಉಣ್ಣತೇನಿ."

ನಿನ್ನೆ ನಿಮ್ಮ ಮಗನಿಗೂ ಹೇಳಿದೆ. "ಅಪ್ಪನ ಹೆಸರು..." ಎಂದು ಅರ್ಧಕ್ಕೇ ನಿಲ್ಲಿಸಿ ಎದ್ದುಹೋದರು. ಇವತ್ತು ಮುಂಜಾನೆ ಅವರೇ ಬಂದು, ಊಟಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕುವಾಗ ಬಸ್ತ್ಯಾಂವನನ್ನೂ ಹಿಡಿದರು. ನಿಮ್ಮ ಹೆಸರಿಗೆ ಒಂದು ತಪ್ಪು ಸೇರುತ್ತದೆ ಮಾವನವರೇ, ನನ್ನ ಹೆಸರಿಗೆ ಅದಕ್ಕಿಂತ ದೊಡ್ಡದು. ನಾಡಿದ್ದು ತಿಥಿಯ ಊಟಕ್ಕೆ ಎಲೆ ಹಾಕುತ್ತೇವೆ. ನಾನು ಹೇಳಿ ಮುಗಿಸುವವರೆಗೆ ಯಾರ ಎಲೆಗೂ ಬಡಿಸುವುದಿಲ್ಲ.

ನಿಮ್ಮ ಸೊಸೆ,
ಸರೋಜಾ